ಬಣ್ಣದ ಗೆಣಸಿನ ಬಳ್ಳಿ: ನನ್ನ ಓಟು ಗಿಳಿಹಸಿರಿಗೆ

ಬಾಲ್ಕನಿಯಿಂದ ಇಳಿಬೀಳುವ ಬಳ್ಳಿ ಬೇಕಿದ್ದರೆ ಗಿಳಿಹಸಿರು ಎಲೆಯ ಮಾರ್ಗರೀಟಾ ತನ್ನಿ. ಅದರ ಜೊತೆಗೇ ಕಪ್ಪು-ನೇರಳೆ ಎಲೆಯ ಬ್ಲ್ಯಾಕಿ, ಹಸಿರು-ಬಿಳಿ-ಗುಲಾಬಿ ಎಲೆಯ ಟ್ರೈಕಲರ್ ಎರಡನ್ನೂ ಬೆಂಗಳೂರಿನ ನಮ್ಮ ಮನೆಯಲ್ಲಿ ಬೆಳೆಸಿದ್ದೇನೆ. ಮೂರೂ ನಾವು ಸಂಕ್ರಾಂತಿಗೆ ಬೇಯಿಸಿ ತಿನ್ನುವ ಗೆಣಸೇ. ಎಲೆಯ ಅಂದಕ್ಕೆಂದು ಆರಿಸಿದ ತಳಿಗಳು, ಅಷ್ಟೇ.

ಟ್ರೈಕಲರ್ ತುಂಬಾ ಚೆಂದ, ಆದರೆ ಬಲು ನಿಧಾನ.

ಬ್ಲ್ಯಾಕಿಗೆ ಒಳ್ಳೆ ಬಿಸಿಲು ಬೇಕು. ನಮ್ಮದು ಪೂರ್ವದ ಬಾಲ್ಕನಿ, ಬೆಳಗಿನ ಬಿಸಿಲು ಮಾತ್ರ. ಅಲ್ಲಿ ಅದರ ಕಪ್ಪು ಮಾಸಿ ಹಸಿರು ಇಣುಕಿತು. ಮಾರ್ಗರೀಟಾ ನೆರಳಲ್ಲಿ ಸ್ವಲ್ಪ ಹಸಿರಾಗುತ್ತದೆ, ಆದರೂ ನೋಡೋಕೆ ಚೆನ್ನಾಗಿಯೇ ಇರುತ್ತದೆ.

ಮಾರ್ಗರೀಟಾದ ಒಂದೇ ತಕರಾರು ಗೆಡ್ಡೆ. ಮೇಲೆ ಬಳ್ಳಿ ಸೊಂಪಾಗಿ ಹಬ್ಬುತ್ತಿದ್ದರೆ ಕೆಳಗೆ ಗೆಡ್ಡೆಗಳು ದಪ್ಪಗಾಗುತ್ತಾ ಹೋಗುತ್ತವೆ. ಮಣ್ಣಿಗೆ ಜಾಗವೇ ಉಳಿಯುವುದಿಲ್ಲ. ಹಾಕಿದ ನೀರು ಕುಂಡದ ಅಂಚಿನಲ್ಲೇ ಜಾರಿ ಹೋಗುತ್ತದೆ, ಬೇರು ಒಣಗಿಯೇ ಇರುತ್ತದೆ. ಮಧ್ಯಾಹ್ನ ಎಲೆ ಜೋತುಬೀಳುತ್ತದೆ. ನೀರು ಸಾಲದೇನೋ ಅಂತ ಇನ್ನಷ್ಟು ಹಾಕುತ್ತೇವೆ, ಅಲ್ವಾ?

ನಮ್ಮ ತೂಗು ಕುಂಡ ತೆಳು ಪ್ಲಾಸ್ಟಿಕ್ಕಿನದು. ಅದರ ಪಕ್ಕ ಉಬ್ಬಿ ಕೊನೆಗೆ ಸೀಳಿಯೇ ಬಿಟ್ಟಿತು. ಬೋರಲು ಹಾಕಿ ನೋಡಿದರೆ ತಳದ ತೂತಿಗೆ ಗೆಡ್ಡೆ ಅಡ್ಡ ಕೂತಿತ್ತು. ಮಾರುವಾಗ ನರ್ಸರಿಯವರು ಈ ಒಂದು ಮಾತು ಹೇಳಬೇಕಿತ್ತು.

ಈಗ ಮಳೆಗಾಲ ಮುಗಿದ ಮೇಲೆ ಕುಂಡ ಖಾಲಿ ಮಾಡಿ, ಗೆಡ್ಡೆ ತೆಗೆದು, ಹಂಬಿನ ತುಂಡುಗಳನ್ನೇ ನೆಡುತ್ತೇನೆ. ಎರಡು ಗಿಣ್ಣು ಮಣ್ಣೊಳಗೆ ಹೋದರೆ ಸಾಕು, ಬೇರು ಬರುವುದು ಅಲ್ಲಿಂದಲೇ. ಗೆಡ್ಡೆ ನೆಟ್ಟರೂ ಚಿಗುರುತ್ತದೆ, ಆದರೆ ತಡ. ಜೊತೆಗೆ ಕೊಳೆಯುವ ಭಯ, ಮೂತಿ ಹುಳದ ಕಾಟ. ಹಿಮ ಬೀಳುವ ದೇಶಗಳಲ್ಲಿ ಬಳ್ಳಿ ಸತ್ತುಹೋಗುವುದರಿಂದ ಗೆಡ್ಡೆ ಅಗೆದು ಚಳಿಗಾಲಕ್ಕೆ ಎತ್ತಿಡುತ್ತಾರೆ. ನಮಗೆ ಅದು ಬೇಕಿಲ್ಲ, ಬೆಂಗಳೂರಿನ ಚಳಿಗೆ ಬಳ್ಳಿ ಸಾಯುವುದಿಲ್ಲ.

ಗೆಡ್ಡೆ ತಿನ್ನಬಹುದಾ? ವಿಷವೇನಲ್ಲ. ಬೇಯಿಸಿ ತಿಂದೆ: ಸಪ್ಪೆ, ಕೊನೆಗೆ ಸ್ವಲ್ಪ ಕಹಿ. ಬೆಳಗಾವಿ ಕಡೆಯ ಗೆಣಸು ತಿಂದ ಬಾಯಿಗೆ ಇದು ರುಚಿಸುವುದಿಲ್ಲ. ನರ್ಸರಿಯಿಂದ ಹೊಸದಾಗಿ ತಂದ ಗಿಡದ್ದಂತೂ ತಿನ್ನಲೇಬೇಡಿ, ಔಷಧಿ ಹೊಡೆದಿರಬಹುದು.

ದುಡ್ಡೇ ಖರ್ಚು ಮಾಡುವುದು ಬೇಡ ಅಂದರೆ ಅಡುಗೆಮನೆಯಲ್ಲಿ ಮೊಳಕೆ ಬಂದ ಗೆಣಸು ನೆಡಿ. ಎಲೆಗೆ ಬಣ್ಣವಿಲ್ಲ, ಆದರೆ ಎಳೆ ಚಿಗುರು ಪಲ್ಯಕ್ಕಾಗುತ್ತದೆ.

ನಾನು ಶನಿವಾರ-ಭಾನುವಾರ ಊರಿಗೆ ಹೋಗುವವಳು. ಎರಡು ದಿನ ನೀರಿಲ್ಲದೆ ಬಾಡಿದ ಮಾರ್ಗರೀಟಾ ನೀರು ಹಾಕಿದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ. ಒಂದೇ ಗಿಡ ಕೊಂಡರೂ ಸಾಕು, ಉಳಿದ ಕುಂಡಗಳಿಗೆ ಅದರ ತುಂಡುಗಳೇ ಆಗುತ್ತವೆ. ನಿಮ್ಮದು ಇಡೀ ದಿನ ಬಿಸಿಲು ಬೀಳುವ ತಾರಸಿ ಆದರೆ ಬ್ಲ್ಯಾಕಿಯನ್ನೂ ಜೊತೆಗೆ ತನ್ನಿ. ಯಾವುದೇ ತಂದರೂ ತೆಳು ಪ್ಲಾಸ್ಟಿಕ್ ಕುಂಡ ಬೇಡ, ಅಗಲವಾದ ಗ್ರೋ ಬ್ಯಾಗ್ ಇರಲಿ.