ಠಾಣೆಯ ಬಾಡಿಗೆ ಟರ್ಫ್‌ನಲ್ಲಿ ಐದಾರು ವರ್ಷ: ಹೊಸದರಲ್ಲಿ ಚಂದ, ಆಮೇಲೆ?

ಮುಂಬೈ ಕಡೆ ಕೆಲಸ ಮಾಡಿಕೊಂಡು ವಾರಕ್ಕೊಂದೆರಡು ಸಲ ಫುಟ್‌ಬಾಲ್ ಆಡಬೇಕು ಅಂದರೆ ಕೃತಕ ಟರ್ಫ್, ಅಂದರೆ ಪ್ಲಾಸ್ಟಿಕ್ ಹುಲ್ಲಿನ ಮೈದಾನ, ಬಿಟ್ಟು ಬೇರೆ ದಾರಿ ಇಲ್ಲ. ಅದಕ್ಕೇ ಈ ವಿಮರ್ಶೆ ಟರ್ಫ್ ಬೇಕಾ ಬೇಡವಾ ಅಂತ ಅಲ್ಲ. ದುಡ್ಡು ಕೊಟ್ಟು ಆಡುವವರು ಏನು ನೋಡಬೇಕು, ದೊಡ್ಡ ಲೀಗ್‌ಗಳ ಆಟಗಾರರು ಇದನ್ನು ಕಂಡರೆ ಯಾಕೆ ಸಿಡುಕುತ್ತಾರೆ, ಇವೆರಡರ ಬಗ್ಗೆ. ನನ್ನ ಮಟ್ಟಿಗೆ ಟರ್ಫ್‌ನ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಅದರ ವಯಸ್ಸು. ಎರಡನೆಯದು, ಅದನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನೋದು.

ನಮ್ಮದು ಠಾಣೆ, ಮುಲುಂಡ್, ಡೊಂಬಿವಿಲಿ ಕಡೆಯ ಕನ್ನಡದವರ ಗುಂಪು. ಬ್ಯಾಂಕಿನವರು, ಹೋಟೆಲಿನವರು, ಐಟಿಯವರು, ಎಲ್ಲಾ ಇದ್ದೇವೆ. ಮಂಗಳೂರಿನವರು ನೆಹರೂ ಮೈದಾನದ ಮಣ್ಣಿನಲ್ಲಿ ಕಲಿತವರು. ಬೆಳಗಾವಿಯವರಿಗೆ ಫುಟ್‌ಬಾಲ್ ಹುಟ್ಟಿನಿಂದಲೇ ಬಂದಿರುತ್ತದೆ. ನಾವು ಆಡುವುದು ಘೋಡಬಂದರ್ ರಸ್ತೆ ಕಡೆಯ ಒಂದು ಟರ್ಫ್‌ನಲ್ಲಿ, ಏಳು ಜನರ ಆಟ. ವಾರದ ದಿನ ಬೆಳಿಗ್ಗೆ ಗಂಟೆಗೆ 1,200 ರೂಪಾಯಿ, ಶನಿವಾರ ರಾತ್ರಿ 2,000. ಹದಿನಾಲ್ಕು ಜನ ಹಂಚಿಕೊಂಡರೆ ಒಂದು ಊಟದ ದುಡ್ಡು ಅಷ್ಟೆ. ಆ್ಯಪ್‌ನಲ್ಲಿ ಸ್ಲಾಟ್ ಹಿಡಿಯುವುದು ಸುಲಭ, ಲೈಟು ಚೆನ್ನಾಗಿದೆ, ಸುತ್ತ ಬಲೆ ಇರುವುದರಿಂದ ಚೆಂಡು ರಸ್ತೆಗೆ ಹೋಗುವುದಿಲ್ಲ. ಇದರಲ್ಲೆಲ್ಲ ದೂರು ಇಲ್ಲ.

ಮೊದಲ ವರ್ಷ ಅದು ನಿಜವಾಗಿ ಚಂದ ಇತ್ತು. ಎಳೆಗಳು ನೆಟ್ಟಗೆ ನಿಂತಿದ್ದವು, ಪಾಸ್ ಕೊಟ್ಟರೆ ಕೊಟ್ಟ ಜಾಗಕ್ಕೇ ಹೋಗುತ್ತಿತ್ತು, ಬಿದ್ದರೂ ಅಷ್ಟಾಗಿ ನೋವಾಗುತ್ತಿರಲಿಲ್ಲ. ಟರ್ಫ್ ಅಂದರೆ ಬರೀ ಹಸಿರು ಕಾರ್ಪೆಟ್ ಅಲ್ಲ. ಕೆಳಗೆ ಜಲ್ಲಿಯ ಹಾಸು ಇರುತ್ತದೆ, ನೀರು ಇಳಿಯುವುದಕ್ಕೆ. ಅದರ ಮೇಲೆ ಪ್ಲಾಸ್ಟಿಕ್ ಎಳೆಗಳ ಕಾರ್ಪೆಟ್. ಎಳೆಗಳ ನಡುವೆ ಮೊದಲು ಮರಳು ತುಂಬುತ್ತಾರೆ, ಅದು ಕಾರ್ಪೆಟ್ಟನ್ನು ಒತ್ತಿ ಹಿಡಿಯುತ್ತದೆ. ಅದರ ಮೇಲೆ ಕಪ್ಪು ರಬ್ಬರ್ ಕಾಳು, ಹೆಚ್ಚಿನ ಕಡೆ ಹಳೆಯ ಟೈರ್ ಪುಡಿ ಮಾಡಿದ್ದು. ಕಾಲಿಗೆ ಮೆತ್ತಗೆ ಅನ್ನಿಸುವುದು, ಚೆಂಡು ಸರಿಯಾಗಿ ಪುಟಿಯುವುದು, ಎಳೆಗಳು ನೆಟ್ಟಗೆ ನಿಲ್ಲುವುದು, ಎಲ್ಲಾ ಈ ಕಾಳಿನ ಕೆಲಸ. ಆಟ ಮುಗಿದ ಮೇಲೆ ಸಾಕ್ಸ್ ಕೊಡವಿದರೆ ಬಚ್ಚಲಲ್ಲಿ ಬೀಳುವ ಕಪ್ಪು ಪುಡಿ ಅದೇ. ಅಂದರೆ ನಾವು ಆಡಿದಷ್ಟೂ ಮೈದಾನ ಸ್ವಲ್ಪ ಸ್ವಲ್ಪ ಮನೆಗೆ ಬರುತ್ತಿರುತ್ತದೆ, ಅದನ್ನು ಮತ್ತೆ ತುಂಬುವವರು ಬೇಕು.

ನಮ್ಮ ಟರ್ಫ್‌ನಲ್ಲಿ ತುಂಬಲಿಲ್ಲ. ಮೂರನೇ ವರ್ಷಕ್ಕೆ ಗೋಲಿನ ಮುಂದೆ, ಪೆನಾಲ್ಟಿ ಜಾಗದ ಸುತ್ತ ಎಳೆಗಳು ಹಳೆಯ ಕಾಲೊರಸಿನ ಹಾಗೆ ಮಲಗಿಬಿಟ್ಟವು. ರಬ್ಬರ್ ಕಾಳೆಲ್ಲ ಅಂಚಿಗೆ ಸರಿದು ಬಲೆಯ ಕೆಳಗೆ ರಾಶಿಯಾಯಿತು. ನಡುವೆ ಬರೀ ಮರಳು. ಕಾರ್ಪೆಟ್ ತುಂಡುಗಳನ್ನು ಅಂಟಿಸಿದ ಕಡೆ ಬಾಯಿ ಬಿಟ್ಟುಕೊಂಡಿತು. ಒಂದು ಬೆರಳು ಅಗಲದ ಆ ಸೀಳಿನಲ್ಲಿ ನಮ್ಮ ಬೆಳಗಾವಿಯ ಗೋಲ್‌ಕೀಪರ್ ಕಾಲು ಸಿಕ್ಕಿಸಿಕೊಂಡು ಕಣಕಾಲು ಉಳುಕಿಸಿಕೊಂಡ, ಒಂದು ತಿಂಗಳ ಮೇಲೆ ಆಡಲಿಲ್ಲ. ಮ್ಯಾನೇಜರ್‌ಗೆ ಹೇಳಿದರೆ ಮರುದಿನ ಅಂಟು ಹಾಕಿದರು, ಎರಡು ವಾರಕ್ಕೆ ಮತ್ತೆ ಎದ್ದಿತು. 'ಟರ್ಫ್‌ಗೆ ಮೇಂಟೆನೆನ್ಸ್ ಬೇಕಾಗಲ್ಲ ದಾದಾ, ಅದಕ್ಕೇ ಅಲ್ವಾ ಹಾಕಿಸಿದ್ದು' ಅಂತ ಅವರ ಮಾತು. ಮಾರುವವರು ಅವರಿಗೆ ಹಾಗೇ ಹೇಳಿ ಮಾರಿರುತ್ತಾರೆ. ನೀರು ಬಿಡಬೇಕಿಲ್ಲ, ಕತ್ತರಿಸಬೇಕಿಲ್ಲ, ನಿಜ. ಆದರೆ ಬ್ರಷ್ ಹೊಡೆದು ಎಳೆ ಎಬ್ಬಿಸಬೇಕು, ಕಾಳು ಸಮ ಮಾಡಬೇಕು, ಸವೆದ ಕಡೆ ತುಂಬಬೇಕು, ಜೋಡಣೆ ನೋಡಬೇಕು. ದಿನಕ್ಕೆ ಹದಿನೈದು ಹದಿನಾರು ಗಂಟೆ ಬಾಡಿಗೆಗೆ ಓಡುವ ನೆಲಕ್ಕೆ ಇದೆಲ್ಲ ವಾರವಾರ ಆಗಬೇಕು.

ಜಗತ್ತಿನ ಫುಟ್‌ಬಾಲ್ ನಡೆಸುವ ಸಂಸ್ಥೆ ಫಿಫಾದ ಲೆಕ್ಕ ನೋಡಿದರೆ ಈ ವಿಷಯ ಇನ್ನೂ ಸ್ಪಷ್ಟ. ಕೃತಕ ಮೈದಾನಕ್ಕೆ ಅವರದು ಎರಡು ದರ್ಜೆ: ಸಾಮಾನ್ಯ ಬಳಕೆಗೆ 'ಫಿಫಾ ಕ್ವಾಲಿಟಿ', ವೃತ್ತಿಪರ ಆಟಕ್ಕೆ 'ಕ್ವಾಲಿಟಿ ಪ್ರೊ'. ಮೊದಲನೆಯದರ ಪ್ರಮಾಣಪತ್ರ 3 ವರ್ಷಕ್ಕೆ, ಎರಡನೆಯದು ಬರೀ 1 ವರ್ಷಕ್ಕೆ. ಚೆಂಡು ಎಷ್ಟು ಪುಟಿಯುತ್ತದೆ, ಎಷ್ಟು ದೂರ ಉರುಳುತ್ತದೆ, ನೆಲ ಕಾಲಿನ ಹೊಡೆತವನ್ನು ಎಷ್ಟು ತಡೆದುಕೊಳ್ಳುತ್ತದೆ, ಎಲ್ಲಾ ಅದೇ ಮೈದಾನದಲ್ಲಿ ಅಳೆದು ನೋಡುತ್ತಾರೆ. ದೊಡ್ಡ ಆಟಗಾರರು ಓಡುವ ಟರ್ಫ್ ವರ್ಷ ವರ್ಷ ಪರೀಕ್ಷೆ ಪಾಸಾಗಬೇಕು. ನಾವು ಆಡುವ ಬಾಡಿಗೆ ಟರ್ಫ್ ಹಾಕಿದ ದಿನ ಬಿಟ್ಟರೆ ಆಮೇಲೆ ಯಾರೂ ಅಳೆಯುವುದಿಲ್ಲ.

ಮಳೆಗಾಲದ ವಿಷಯಕ್ಕೆ ಬಂದರೆ ನಾನು ಟರ್ಫ್ ಪರ, ಅದರಲ್ಲಿ ಎರಡು ಮಾತಿಲ್ಲ. ಮುಂಬೈನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ 2,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಅಂಥ ಮಳೆಯಲ್ಲಿ ಹುಲ್ಲಿನ ಮೈದಾನದ ಮೇಲೆ ಒಂದು ಪಂದ್ಯ ಆಡಿಸಿದರೆ ಅದು ಕೆಸರುಗದ್ದೆ, ಮತ್ತೆ ಹುಲ್ಲು ಹಿಡಿಯುವುದಕ್ಕೆ ಎಷ್ಟೋ ವಾರ ಬೇಕು. ಟರ್ಫ್‌ನಲ್ಲಿ ಮಳೆ ನಿಂತ ಅರ್ಧ ಗಂಟೆಗೆ ಆಟ ಶುರು. ದಕ್ಷಿಣ ಮುಂಬೈನ ಫುಟ್‌ಬಾಲ್ ಮೈದಾನ ಕೂಪರೇಜ್‌ಗೆ ಕೃತಕ ಟರ್ಫ್ ಹಾಕಿದ್ದೂ ನನಗೆ ಇದೇ ಕಾರಣಕ್ಕೆ ಒಪ್ಪಿಗೆ. ಇರುವ ಒಂದು ಮೈದಾನದಲ್ಲಿ ಇಡೀ ನಗರದ ಲೀಗ್ ನಡೆಯಬೇಕು ಅಂದರೆ ಹುಲ್ಲು ಎಲ್ಲಿ ತಾಳುತ್ತದೆ? ಅದೇ ಮುಂಬೈನ ಹಳೆಯ ಫುಟ್‌ಬಾಲ್ ಟೂರ್ನಿ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಇಲ್ಲಿ ಆಡುವ ಕನ್ನಡದವರಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಅದಕ್ಕೆ ಬರೆದೆ.

ಬಿಸಿಲು ಬೇರೆಯೇ ಕಥೆ. ಮಧ್ಯಾಹ್ನದ ಸ್ಲಾಟ್ ಅಗ್ಗ ಅಂತ ಏಪ್ರಿಲ್, ಮೇನಲ್ಲಿ ಹಿಡಿಯಬೇಡಿ. ಹುಲ್ಲು ತನ್ನೊಳಗಿನ ನೀರನ್ನು ಆವಿ ಮಾಡಿ ತಣ್ಣಗಿರುತ್ತದೆ, ಪ್ಲಾಸ್ಟಿಕ್ಕೂ ಕಪ್ಪು ರಬ್ಬರೂ ಬಿಸಿಲನ್ನು ಹೀರಿಕೊಂಡು ಕೂರುತ್ತವೆ. ಸುಡುಬಿಸಿಲಲ್ಲಿ ಕೃತಕ ಮೈದಾನದ ಮೇಲ್ಮೈ 60 ಡಿಗ್ರಿ ದಾಟುವುದು ಸಾಮಾನ್ಯ. ಶೂ ಒಳಗೆ ಪಾದ ಬೆಂದ ಹಾಗಾಗುತ್ತದೆ. ಮಕ್ಕಳ ಬೇಸಿಗೆ ಕ್ಯಾಂಪುಗಳನ್ನು ಹನ್ನೊಂದು ಗಂಟೆಯ ತನಕ ಎಳೆಯುವುದನ್ನು ನೋಡಿದ್ದೇನೆ, ನೋಡಿದಾಗೆಲ್ಲ ಸಿಟ್ಟು ಬರುತ್ತದೆ. ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತು ತಂಪು, ಮತ್ತೆ ಅದೇ ಕಾವು.

ಇನ್ನು ಮಂಡಿ. ಹುಲ್ಲಿನ ಮೇಲೆ ಓಡುತ್ತಾ ಸಡನ್ನಾಗಿ ತಿರುಗಿದರೆ ಸ್ಟಡ್ (ಶೂ ತಳದ ಗುಬುಟು) ಮಣ್ಣನ್ನು ಕಿತ್ತುಕೊಂಡು ಜಾರುತ್ತದೆ, ಆ ಜಾರುವಿಕೆಯೇ ಮಂಡಿಯನ್ನು ಕಾಪಾಡುತ್ತದೆ. ಟರ್ಫ್‌ನಲ್ಲಿ ಉದ್ದ ಸ್ಟಡ್ ಹಾಕಿದರೆ ಕಾಲು ಅಲ್ಲೇ ಹಿಡಿದು ನಿಲ್ಲುತ್ತದೆ, ಮೈ ತಿರುಗುತ್ತದೆ. ಯುರೋಪಿನ ವೃತ್ತಿಪರ ತಂಡಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಒಟ್ಟು ಗಾಯಗಳ ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಅನ್ನುವುದೂ ನಿಜ, ಆದರೆ ಅವು ಚೆನ್ನಾಗಿ ನೋಡಿಕೊಂಡ ಮೈದಾನಗಳು, ಫಿಸಿಯೊ ಇರುವ ತಂಡಗಳು. ಭಾನುವಾರ ರಾತ್ರಿ ಆಫೀಸು ಕುರ್ಚಿಯಿಂದ ಎದ್ದು ಬರುವ ನಮ್ಮಂಥವರಿಗೆ ಶೂ ಸರಿ ಇರಬೇಕು. ಕೆಳಗೆ ಸಣ್ಣ ಸಣ್ಣ ರಬ್ಬರ್ ಗುಬುಟು ಇರುವ ಟಿಎಫ್ ಶೂ, ಇಲ್ಲವೇ ಗಿಡ್ಡ ಸ್ಟಡ್‌ಗಳು ಜಾಸ್ತಿ ಇರುವ ಎಜಿ ಶೂ ಸಾಕು. ಹುಲ್ಲಿನ ಎಫ್‌ಜಿ ಶೂ ಟರ್ಫ್‌ಗೆ ತರಬೇಡಿ. ಸ್ಲೈಡ್ ಮಾಡಿದರೆ ತೊಡೆ ಸುಲಿಯುತ್ತದೆ, ಆ ಗಾಯ ಉರಿಯುವುದೂ ಜಾಸ್ತಿ, ಮಾಯುವುದೂ ನಿಧಾನ. ಸೋಪು ಹಾಕಿ ಚೆನ್ನಾಗಿ ತೊಳೆಯಿರಿ.

ಈ ತರಚು ಗಾಯವನ್ನೇ ಜಗತ್ತಿಗೆ ತೋರಿಸಿದ್ದು ಮಹಿಳಾ ಆಟಗಾರರು. ಅಮೆರಿಕದ ಸಿಡ್ನಿ ಲೆರೂ 2013ರಲ್ಲಿ ಟರ್ಫ್ ಮೇಲೆ ಆಡಿ ಸುಲಿದ ತನ್ನ ಕಾಲಿನ ಫೋಟೊ ಹಾಕಿದ್ದರು. 2015ರ ಮಹಿಳಾ ವಿಶ್ವಕಪ್ ಕೆನಡಾದಲ್ಲಿ ಪೂರ್ತಿ ಕೃತಕ ಟರ್ಫ್ ಮೇಲೆ ನಡೆಯಿತು. ಗಂಡಸರ ವಿಶ್ವಕಪ್ಪನ್ನು ಹೀಗೆ ಆಡಿಸುತ್ತಿದ್ದಿರಾ ಅಂತ ಅಮೆರಿಕದ ಆಟಗಾರ್ತಿ ಆ್ಯಬಿ ವಾಂಬಾಕ್ ಮತ್ತಿತರರು 2014ರಲ್ಲೇ ಕಾನೂನು ದೂರು ಕೊಟ್ಟರು, ಕೊನೆಗೆ ಆಟ ಹತ್ತಿರ ಬಂದಾಗ ವಾಪಸ್ ತೆಗೆದುಕೊಂಡರು. ಅವರ ಪ್ರಶ್ನೆ ನ್ಯಾಯವಾದದ್ದು ಅಂತ ನಾನು ಈಗಲೂ ನಂಬುತ್ತೇನೆ. 2008ರಲ್ಲಿ ಮಾಸ್ಕೋದ ಲುಜ್ನಿಕಿ ಮೈದಾನದಲ್ಲಿ ಇದ್ದದ್ದು ಕೃತಕ ಟರ್ಫ್, ಆದರೆ ಗಂಡಸರ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಅಂತ ಅದರ ಬದಲು ಹುಲ್ಲು ಹಾಸಿದ್ದರು, ಅಲ್ವಾ?

ನಮ್ಮಲ್ಲೂ ಹಾಗೇ ಆಗಿದೆ. ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿದ್ದ ಕೃತಕ ಟರ್ಫ್ ತೆಗೆದು 2017ರ 17 ವರ್ಷದೊಳಗಿನವರ ವಿಶ್ವಕಪ್‌ಗೆ ಹುಲ್ಲು ಬೆಳೆಸಿದರು. ಬೆಂಗಳೂರು ಎಫ್‌ಸಿ ತನ್ನ ಮೊದಲ ಸೀಸನ್, 2013-14, ಊರಿನಲ್ಲಿ ಆಡಿದ್ದು ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನ ಟರ್ಫ್ ಮೇಲೆ. ಆಗ ದೇಶದ ಮೇಲಿನ ಲೀಗ್ ಆಗಿದ್ದ ಐ-ಲೀಗ್ ಕೈಗೆ ಬಂದದ್ದು ಮಾತ್ರ ಗೋವಾದ ಫತೋರ್ಡಾದಲ್ಲಿ, ಹುಲ್ಲಿನ ಮೇಲೆ, ಅಲ್ಲಿನ ಡೆಂಪೊ ತಂಡದ ವಿರುದ್ಧ. ಆಮೇಲೆ ಕ್ಲಬ್ಬು ಕಂಠೀರವದ ಹುಲ್ಲಿಗೆ ಹೋಯಿತು. ಗೋವಾದಲ್ಲಿ ಎರಡೂ ನೋಡಬಹುದು: ಮಾಪುಸಾದ ದುಳೇರ್‌ನಲ್ಲಿ ಟರ್ಫ್, ಮಡಗಾಂವ್‌ನ ಫತೋರ್ಡಾದಲ್ಲಿ ಹುಲ್ಲು. ದುಳೇರ್‌ನಲ್ಲಿ ಆಟ ಒಂದೇ ವೇಗದಲ್ಲಿ ಓಡುತ್ತದೆ. ಫತೋರ್ಡಾದಲ್ಲಿ ಚೆಂಡು ಒಂದು ಕಡೆ ನಿಧಾನ, ನೀರು ಬಿಟ್ಟ ಕಡೆ ಸರ್ರನೆ. ಆಟಗಾರ ಪ್ರತಿ ಸಲ ನೆಲ ಓದಿ ಪಾಸ್ ಕೊಡಬೇಕು. ಆ ಬುದ್ಧಿ ನೋಡುವುದಕ್ಕೇ ನಾನು ಟಿಕೆಟ್ ತೆಗೆಯುವುದು.

ಚಳಿ ದೇಶದವರು ಬೇರೆ ಲೆಕ್ಕ ಹಾಕಬೇಕು, ಒಪ್ಪುತ್ತೇನೆ. ನಾರ್ವೆಯ ಬೋಡೊ ಗ್ಲಿಮ್ಟ್ ಆರ್ಕ್‌ಟಿಕ್ ವೃತ್ತದ ಆಚೆ ಇರುವ ಊರಿನ ತಂಡ, ಟರ್ಫ್ ಇಲ್ಲದಿದ್ದರೆ ಅಲ್ಲಿ ಆಟವೇ ಕಷ್ಟ. ಅದೇ ಟರ್ಫ್ ಮೇಲೆ 2021ರಲ್ಲಿ ಇಟಲಿಯ ರೋಮಾವನ್ನು 6-1ರಿಂದ ಸೋಲಿಸಿದರು. ಆದರೆ ನೆದರ್ಲೆಂಡ್ಸ್‌ನ ಮೇಲಿನ ಲೀಗ್ 2025-26ರಿಂದ ಕೃತಕ ಮೈದಾನ ಬೇಡ ಎಂದಿತು, ಸ್ಕಾಟ್ಲೆಂಡ್‌ನ ಮೇಲಿನ ಲೀಗ್ 2026-27ರಿಂದ ಬೇಡ ಎಂದು ತೀರ್ಮಾನಿಸಿದೆ. ಯುರೋಪಿಯನ್ ಒಕ್ಕೂಟ ಆ ರಬ್ಬರ್ ಕಾಳನ್ನೇ ಸಣ್ಣ ಪ್ಲಾಸ್ಟಿಕ್ ಕಣಗಳ ಮಾಲಿನ್ಯ ಅಂತ ಹೇಳಿ 2031ರಿಂದ ಮಾರಾಟ ನಿಲ್ಲಿಸುತ್ತಿದೆ. ನಮ್ಮ ಟರ್ಫ್‌ನ ಕಾಳು ಮಳೆಯಲ್ಲಿ ಕೊಚ್ಚಿಕೊಂಡು ಚರಂಡಿಗೆ ಹೋಗುವುದನ್ನು ನಾನೇ ನೋಡುತ್ತೇನೆ. ಆ ಚರಂಡಿ ಕೊನೆಗೆ ಖಾಡಿಗೆ (ಒಳಗೆ ಚಾಚಿದ ಸಮುದ್ರದ ನೀರಿಗೆ) ಸೇರುತ್ತದೆ. ನಮ್ಮಲ್ಲಿ ಇದರ ಬಗ್ಗೆ ಯಾರೂ ಮಾತೇ ಎತ್ತುತ್ತಿಲ್ಲ.

ಹೊಸ ಟರ್ಫ್ ಹುಡುಕುವವರು ದುಡ್ಡು ಕಟ್ಟುವ ಮೊದಲು ಗೋಲಿನ ಮುಂದೆ ಹೋಗಿ ಬಗ್ಗಿ ನೋಡಿ. ಎಳೆಯ ನಡುವೆ ಬೆರಳು ಹಾಕಿದರೆ ಕಾಳು ಸಿಗಬೇಕು, ಬುಡ ಸಿಗಬಾರದು. ಜೋಡಣೆಯ ಮೇಲೆ ಕಾಲು ಎಳೆದು ನೋಡಿ. ಭುಜದ ಎತ್ತರದಿಂದ ಚೆಂಡು ಬಿಡಿ, ನಡುವೆ ಒಂದು ಥರ, ಅಂಚಿನಲ್ಲಿ ಒಂದು ಥರ ಪುಟಿದರೆ ಕಾಳು ಸರಿದಿದೆ ಅಂತ ಅರ್ಥ. ಕಾರ್ಪೆಟ್ ಯಾವ ವರ್ಷದ್ದು ಅಂತ ಕೇಳಿ. ಹೇಳದಿದ್ದರೆ ಪಕ್ಕದ ಟರ್ಫ್ ನೋಡಿ, ಠಾಣೆಯಲ್ಲಿ ಬೇಕಾದಷ್ಟಿವೆ.

ನಾವು ಸದ್ಯಕ್ಕೆ ಬಿಟ್ಟಿಲ್ಲ. ತಿಂಗಳ ಸ್ಲಾಟ್ ಇಟ್ಟುಕೊಂಡಿರುವ ನಾಲ್ಕೈದು ಗುಂಪಿನವರು ಒಟ್ಟಿಗೆ ಹೋಗಿ ಕೂತು ಮಾತಾಡಿದೆವು. ಮಂಗಳೂರಿನ ಹಿರಿಯರೊಬ್ಬರು 'ದುಡ್ಡು ಹೆಚ್ಚು ತಗೊಳ್ಳಿ ಮಾರಾಯ್ರೆ, ಕಾರ್ಪೆಟ್ ಮಾತ್ರ ಬದಲು ಮಾಡಿ' ಅಂತ ನೇರ ಹೇಳಿದರು. ಮಳೆಗಾಲಕ್ಕೆ ಮೊದಲು ಬದಲಿಸುತ್ತೇವೆ, ವಾರಕ್ಕೊಮ್ಮೆ ಬ್ರಷ್ ಹೊಡೆಸುತ್ತೇವೆ ಅಂತ ಮಾತು ಕೊಟ್ಟಿದ್ದಾರೆ. ಐದಕ್ಕೆ ಎರಡೂವರೆ ನಕ್ಷತ್ರ ಈಗ. ಹೊಸ ಕಾರ್ಪೆಟ್ ಮೇಲೆ ಒಂದು ಮಳೆಗಾಲ ಆಡಿ ನಂಬರ್ ಬದಲಿಸುತ್ತೇನೆ.