ಎಂಟು ತಳಿಯ ಪ್ರೋಬಯಾಟಿಕ್ ಪುಡಿ: ಕೊಲೈಟಿಸ್ ಇರುವ ನನ್ನ ಮೂರು ವರ್ಷದ ಅನುಭವ

ದಿನಕ್ಕೆ ಎರಡು ಪೊಟ್ಟಣ. ಬೆಳಿಗ್ಗೆ ಒಂದು, ರಾತ್ರಿ ಒಂದು. ತಣ್ಣೀರಿನಲ್ಲಿ ಕದಡಿ ಕುಡಿಯುವುದು. ಹೀಗೆ ಮೂರು ವರ್ಷ ದಾಟಿತು. ಒಂದು ಪೊಟ್ಟಣದಲ್ಲಿ 45,000 ಕೋಟಿ ಜೀವಂತ ಬ್ಯಾಕ್ಟೀರಿಯಾ ಇವೆ. ನಾಲ್ಕು ಬಗೆಯ ಲ್ಯಾಕ್ಟೋಬ್ಯಾಸಿಲಸ್, ಮೂರು ಬಗೆಯ ಬೈಫಿಡೋಬ್ಯಾಕ್ಟೀರಿಯಂ, ಒಂದು ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್. ಒಟ್ಟು ಎಂಟು ತಳಿ.

ನನಗಿರುವುದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ ಬಂದು ಹುಣ್ಣಾಗುವ ಕಾಯಿಲೆ. ಗುದದ್ವಾರದ ಹತ್ತಿರ ಶುರುವಾಗಿ ಮೇಲಕ್ಕೆ ಹರಡುತ್ತದೆ. ಮಲದಲ್ಲಿ ರಕ್ತ, ದಿನಕ್ಕೆ ಎಂಟು ಹತ್ತು ಸಲ ಶೌಚಾಲಯಕ್ಕೆ ಓಡುವುದು, ಯಾವ ಕೆಲಸಕ್ಕೂ ಸಾಲದಷ್ಟು ಸುಸ್ತು. ಇದನ್ನು ಅನುಭವಿಸಿದವರಿಗೆ ನಾನು ಜಾಸ್ತಿ ವಿವರಿಸಬೇಕಾಗಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಈ ಪುಡಿಗಿಂತ ಮುಂಚೆ ಬೇರೊಂದು ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೆ. ಅದರ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಇಮ್ಯುನಿಟಿ ಹೆಚ್ಚಿಸುತ್ತದೆ’ ಎಂದಿತ್ತು. ಅದನ್ನು ನೋಡಿಯೇ ಕೊಂಡಿದ್ದೆ. ಮುಂದಿನ ಸಲ ತಪಾಸಣೆಗೆ ಹೋದಾಗ ಡಾಕ್ಟರಿಗೆ ತೋರಿಸಿದೆ. ಅವರು ಡಬ್ಬಿಯನ್ನು ತಿರುಗಿಸಿ ನೋಡಿದರು. “ನೋಡಿ, ನಿಮಗೆ ಇಮ್ಯುನಿಟಿ ಕಡಿಮೆಯಾಗಿ ಈ ಕಾಯಿಲೆ ಬಂದಿಲ್ಲ. ಅದು ಅತಿಯಾಗಿ ಕೆಲಸ ಮಾಡಿ ನಿಮ್ಮ ಕರುಳನ್ನೇ ಸುಡುತ್ತಿದೆ. ಅದನ್ನು ಇನ್ನೂ ಹೆಚ್ಚಿಸಿಕೊಂಡು ಏನು ಮಾಡುತ್ತೀರಿ?” ಎಂದರು. ಆ ಮಾತು ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಕಾಯಿಲೆ ಬಂದು ಎರಡು ವರ್ಷವಾಗಿತ್ತು, ಆದರೂ ಇಷ್ಟು ಮೂಲಭೂತ ವಿಷಯ ನನಗೆ ಗೊತ್ತಿರಲಿಲ್ಲ.

ಆಮೇಲೆ ಕೂತು ಓದಿ ತಿಳಿದುಕೊಂಡದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರ ಒಂದು ಲೆಕ್ಕ ಹೇಳುತ್ತದೆ. ಅವುಗಳಲ್ಲಿ ಹೆಚ್ಚಿನವು ದೊಡ್ಡ ಕರುಳಿನಲ್ಲೇ ಇರುತ್ತವೆ. ಅವುಗಳಿಗೂ ನಮ್ಮ ರಕ್ತಕ್ಕೂ ನಡುವೆ ಇರುವ ಗೋಡೆ ಒಂದೇ ಒಂದು ಜೀವಕೋಶದಷ್ಟು ದಪ್ಪ. ಅದರ ಮೇಲೆ ಲೋಳೆಯ ಪದರ. ಗೋಡೆಯ ಜೀವಕೋಶಗಳನ್ನು ಪಕ್ಕಪಕ್ಕಕ್ಕೆ ಬಿಗಿಯಾಗಿ ಹೊಲಿದಂತೆ ಪ್ರೋಟೀನುಗಳು ಹಿಡಿದಿರುತ್ತವೆ. ಲೋಳೆ ತೆಳುವಾದರೆ, ಹೊಲಿಗೆ ಸಡಿಲವಾದರೆ, ಒಳಗಿದ್ದ ಬ್ಯಾಕ್ಟೀರಿಯಾ ಗೋಡೆಯನ್ನು ಮುಟ್ಟುತ್ತವೆ. ಕೆಳಗೆ ಕಾಯುತ್ತಿರುವ ಬಿಳಿ ರಕ್ತಕಣಗಳು ದಾಳಿ ಆಯಿತೆಂದು ಎದ್ದು ನಿಲ್ಲುತ್ತವೆ. ಟಿಎನ್‌ಎಫ್‌ನಂಥ ಉರಿಯೂತದ ಸಂದೇಶಗಳು ಹೊರಡುತ್ತವೆ. ಇನ್ನಷ್ಟು ಬಿಳಿ ರಕ್ತಕಣಗಳು ಬರುತ್ತವೆ. ಗೋಡೆ ಇನ್ನಷ್ಟು ಹಾಳಾಗುತ್ತದೆ.

ಆರೋಗ್ಯವಾಗಿರುವ ಕರುಳಿನಲ್ಲಿ ಇದನ್ನು ತಡೆಯುವ ಏರ್ಪಾಡು ಇದೆ. ನಾವು ತಿಂದ ನಾರನ್ನು ಕೆಲವು ಬ್ಯಾಕ್ಟೀರಿಯಾ ಹುಳಿಸಿ ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಗೋಡೆಯ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಬಿಳಿ ರಕ್ತಕಣಗಳಲ್ಲಿ ‘ಟಿ ರೆಗ್’ ಎಂಬ ಒಂದು ಬಗೆ ಇದೆ. ಮಿಕ್ಕವನ್ನು ಸಮಾಧಾನ ಮಾಡುವುದೇ ಅದರ ಕೆಲಸ. ಬ್ಯುಟಿರೇಟ್ ಇದ್ದಲ್ಲಿ ಈ ಟಿ ರೆಗ್ ಕಣಗಳು ಹೆಚ್ಚು ಹುಟ್ಟುತ್ತವೆ ಎಂದು 2013ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿದವು. ಕೆಲವು ಪ್ರೋಬಯಾಟಿಕ್ ತಳಿಗಳು ಐಎಲ್-10 ಎಂಬ, ಉರಿಯೂತ ತಗ್ಗಿಸುವ ಸಂದೇಶವನ್ನು ಹೆಚ್ಚಿಸುತ್ತವೆ. ಇನ್ನು ಕೆಲವು ಐಜಿಎ ಎಂಬ ಪ್ರತಿಕಾಯ ಹೆಚ್ಚಾಗಿ ಸುರಿಯುವಂತೆ ಮಾಡುತ್ತವೆ. ಐಜಿಎ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಅವನ್ನು ಗೋಡೆಯಿಂದ ದೂರ ಇಡುತ್ತದೆ. ಇದೂ ರೋಗ ನಿರೋಧಕ ಶಕ್ತಿಯೇ ಅಲ್ವಾ? ಜಗಳವಿಲ್ಲದೆ ಕಾಯುವ ಶಕ್ತಿ. ನನಗೆ ಬೇಕಿದ್ದದ್ದು ಅದು.

ಇದೆಲ್ಲ ಗೊತ್ತಾದ ಮೇಲೆ ಹಳೆಯ ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡು ನೋಡಿದೆ. ಲ್ಯಾಕ್ಟೋಬ್ಯಾಸಿಲಸ್ ಎಂದು ಹೆಸರಿತ್ತು, ತಳಿಯ ಗುರುತು ಇರಲೇ ಇಲ್ಲ. ಇಲ್ಲಿ ತಳಿಯೇ ಮುಖ್ಯ. ಇ-ಕೋಲೈ ಬ್ಯಾಕ್ಟೀರಿಯಾ ಎಂದರೆ ಎಲ್ಲರೂ ಹೆದರುತ್ತಾರೆ, ಸರಿಯೇ. ಆದರೆ ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಆಲ್‌ಫ್ರೆಡ್ ನಿಸ್ಲೆ ಎಂಬ ವೈದ್ಯರು ಒಬ್ಬ ಸೈನಿಕನ ಮಲದಿಂದ ಒಂದು ಇ-ಕೋಲೈ ತಳಿಯನ್ನು ಬೇರ್ಪಡಿಸಿದರು. ಸುತ್ತಲಿನವರೆಲ್ಲ ಭೇದಿಯಿಂದ ನರಳುತ್ತಿದ್ದಾಗ ಆ ಸೈನಿಕನಿಗೆ ಏನೂ ಆಗಿರಲಿಲ್ಲ. ‘ನಿಸ್ಲೆ 1917’ ಎಂದು ಅದರ ಹೆಸರು. 2004ರಲ್ಲಿ ನನ್ನಂಥ 327 ರೋಗಿಗಳ ಮೇಲೆ ಒಂದು ವರ್ಷ ಅದನ್ನು ಪರೀಕ್ಷಿಸಿದರು. ಎಲ್ಲರ ಕಾಯಿಲೆಯೂ ಆಗ ಶಾಂತವಾಗಿತ್ತು. ಈ ತಳಿ ತೆಗೆದುಕೊಂಡವರಲ್ಲಿ ನೂರಕ್ಕೆ 36 ಜನರಿಗೆ ಕಾಯಿಲೆ ಮರುಕಳಿಸಿತು. ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ, ಉರಿಯೂತ ತಗ್ಗಿಸುವ ಮೆಸಲಮಿನ್ ಮಾತ್ರೆ ತೆಗೆದುಕೊಂಡವರಲ್ಲಿ 34 ಜನರಿಗೆ. ಅಂದರೆ ಹೆಚ್ಚುಕಡಿಮೆ ಸಮ. ಒಂದೇ ಜಾತಿಯ ಒಂದು ತಳಿ ಆಸ್ಪತ್ರೆಗೆ ಸೇರಿಸುತ್ತದೆ, ಇನ್ನೊಂದು ಔಷಧಿಯಾಗುತ್ತದೆ. ಹಾಗಾಗಿ ಪೂರ್ತಿ ತಳಿಯ ಹೆಸರು ಬರೆಯದ ಡಬ್ಬಿಯನ್ನು ಈಗ ನಾನು ಮುಟ್ಟುವುದಿಲ್ಲ.

ಎಂಟು ತಳಿಯ ಪುಡಿಯನ್ನು ಡಾಕ್ಟರ ಒಪ್ಪಿಗೆ ಪಡೆದೇ ಶುರು ಮಾಡಿದೆ. ಮೆಸಲಮಿನ್ ಜೊತೆಗೆ. ಮೊದಲ ಎರಡು ವಾರ ಕಷ್ಟವಾಯಿತು. ಹೊಟ್ಟೆ ಉಬ್ಬರ, ಗುಡುಗುಡು ಶಬ್ದ, ವಿಪರೀತ ಗ್ಯಾಸ್. ಬಿಟ್ಟೇಬಿಡೋಣ ಅನ್ನಿಸಿತ್ತು. ಅರ್ಧ ಪೊಟ್ಟಣಕ್ಕೆ ಇಳಿಸಿ, ನಿಧಾನವಾಗಿ ಏರಿಸಿದೆ. ಮೂರನೇ ವಾರಕ್ಕೆ ಹೊಟ್ಟೆ ಹೊಂದಿಕೊಂಡಿತು. ಹೊಸದಾಗಿ ಶುರು ಮಾಡುವವರು ಮೊದಲಿನಿಂದಲೇ ಹೀಗೆ ಮಾಡಿ.

ಪರಿಣಾಮ ನೋಡಲು ನಾನು ನಂಬಿದ್ದು ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯನ್ನು. ಕರುಳಿನಲ್ಲಿ ಉರಿಯೂತ ಇದ್ದರೆ ಬಿಳಿ ರಕ್ತಕಣಗಳಿಂದ ಈ ಪ್ರೋಟೀನ್ ಮಲಕ್ಕೆ ಸೇರುತ್ತದೆ. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯ. 250 ದಾಟಿದರೆ ಕಾಯಿಲೆ ಎದ್ದಿದೆ ಎಂದೇ ಸಾಮಾನ್ಯವಾಗಿ ಡಾಕ್ಟರುಗಳು ನೋಡುತ್ತಾರೆ. ಪುಡಿ ಶುರು ಮಾಡುವಾಗ ನನ್ನದು 410 ಇತ್ತು. ನಾಲ್ಕು ತಿಂಗಳಿಗೆ 140. ಬೆಳಿಗ್ಗೆ ಎದ್ದ ತಕ್ಷಣದ ಅವಸರ ಮೊದಲು ಕಡಿಮೆಯಾಯಿತು, ಆಮೇಲೆ ರಕ್ತ ನಿಂತಿತು. ಆದರೆ ಅದೇ ಸಮಯದಲ್ಲಿ ಡಾಕ್ಟರು ಮೆಸಲಮಿನ್ ಡೋಸ್ ಕೂಡ ಹೆಚ್ಚಿಸಿದ್ದರು. ಹಾಗಾಗಿ 410ರಿಂದ 140ಕ್ಕೆ ಇಳಿದದ್ದರಲ್ಲಿ ಪುಡಿಯ ಪಾಲು ಇಷ್ಟು, ಮಾತ್ರೆಯ ಪಾಲು ಇಷ್ಟು ಎಂದು ನಾನು ಭಾಗ ಮಾಡಿ ಹೇಳಲಾರೆ. ಯಾರಾದರೂ ತಮ್ಮೊಬ್ಬರ ಅನುಭವದಿಂದ ಹಾಗೆ ಹೇಳಿದರೆ ನೀವೂ ನಂಬಬೇಡಿ.

ಇಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು. ಎರಡನೇ ವರ್ಷ ಎಲ್ಲ ಚೆನ್ನಾಗಿತ್ತು. ದಿನಾ ಅಷ್ಟು ಮಾತ್ರೆ ನುಂಗುವುದು ಬೇಜಾರಾಗಿತ್ತು. ಪುಡಿಯೇ ಸಾಕು ಅಂದುಕೊಂಡು, ಯಾರನ್ನೂ ಕೇಳದೆ, ಮೆಸಲಮಿನ್ ನಿಲ್ಲಿಸಿಬಿಟ್ಟೆ. ಮೊದಲ ತಿಂಗಳು ಏನೂ ಆಗಲಿಲ್ಲ. ಅದೇ ನನ್ನನ್ನು ಮೋಸ ಮಾಡಿತು. ಏಳನೇ ವಾರ ರಕ್ತ ಕಾಣಿಸಿತು. ಹತ್ತನೇ ವಾರಕ್ಕೆ ಕ್ಯಾಲ್‌ಪ್ರೊಟೆಕ್ಟಿನ್ 900ರ ಹತ್ತಿರ. ಪುಡಿಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಕೊನೆಗೆ ಸ್ಟೀರಾಯ್ಡ್ ತೆಗೆದುಕೊಳ್ಳಬೇಕಾಯಿತು. ನಿದ್ದೆ ಇಲ್ಲದ ರಾತ್ರಿಗಳು, ಊದಿದ ಮುಖ, ಮನೆಯವರ ಆತಂಕ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಆಮೇಲೆ ಸಂಶೋಧನೆಗಳನ್ನು ಮತ್ತೆ ಸರಿಯಾಗಿ ಓದಿದೆ. ಈ ಎಂಟು ತಳಿಯ ಮಿಶ್ರಣಕ್ಕೆ ಹೆಸರು ಬಂದದ್ದು ಬೇರೆಯೇ ತೊಂದರೆಯಿಂದ. ಕೊಲೈಟಿಸ್ ಹತೋಟಿಗೆ ಬಾರದೆ ಇಡೀ ದೊಡ್ಡ ಕರುಳನ್ನು ತೆಗೆದವರಿಗೆ ಸಣ್ಣ ಕರುಳಿನಿಂದಲೇ ಒಂದು ಚೀಲ ಮಾಡಿಕೊಡುತ್ತಾರೆ. ಆ ಚೀಲದಲ್ಲೂ ಉರಿಯೂತ ಬರುತ್ತದೆ. ಅದನ್ನು ಪೌಚೈಟಿಸ್ ಎನ್ನುತ್ತಾರೆ. 2000ನೇ ಇಸವಿಯಲ್ಲಿ ಇಟಲಿಯ ವೈದ್ಯರು ಪೌಚೈಟಿಸ್ ಮತ್ತೆ ಮತ್ತೆ ಬರುತ್ತಿದ್ದ 40 ಜನರಿಗೆ 9 ತಿಂಗಳು ಪ್ರಯೋಗ ಮಾಡಿದರು. ಖಾಲಿ ಪುಡಿ ಪಡೆದ 20 ಜನರಿಗೂ ಮರುಕಳಿಸಿತು. ಬ್ಯಾಕ್ಟೀರಿಯಾ ಇದ್ದ ಪುಡಿ ಪಡೆದ 20 ಜನರಲ್ಲಿ ಮೂವರಿಗೆ ಮಾತ್ರ. ಚಿಕ್ಕ ಪ್ರಯೋಗ ನಿಜ, ಆದರೆ ಇಷ್ಟು ದೊಡ್ಡ ವ್ಯತ್ಯಾಸವನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಕೊಲೈಟಿಸ್ ವಿಷಯದಲ್ಲಿ ಭಾರತದಲ್ಲೇ ನಡೆದು 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. 147 ರೋಗಿಗಳು, 12 ವಾರ. ಪುಡಿ ಪಡೆದವರಲ್ಲಿ ನೂರಕ್ಕೆ 43 ಜನರ ಕಾಯಿಲೆ ಶಾಂತವಾಯಿತು, ಖಾಲಿ ಪುಡಿ ಪಡೆದವರಲ್ಲಿ 16 ಜನರದು. ಓದಿದಾಗ ಖುಷಿಯಾಯಿತು. ಆಮೇಲೆ ಡೋಸ್ ನೋಡಿದೆ. ಒಂದು ಹೊತ್ತಿಗೆ 3,60,000 ಕೋಟಿ, ದಿನಕ್ಕೆ ಎರಡು ಸಲ. ಲೆಕ್ಕ ಹಾಕಿ. ನನ್ನ ಎಂಟು ಪೊಟ್ಟಣ ಸೇರಿದರೆ ಒಂದು ಹೊತ್ತಿನದು. ದಿನಕ್ಕೆ ಹದಿನಾರು ಪೊಟ್ಟಣ! ನಾನು ತೆಗೆದುಕೊಳ್ಳುತ್ತಿದ್ದದ್ದು ಎರಡು. ಆ ಪ್ರಯೋಗದ ಫಲಿತಾಂಶ ನನ್ನ ಎರಡು ಪೊಟ್ಟಣದಿಂದ ಬರುತ್ತದೆ ಎಂದು ನಿರೀಕ್ಷಿಸಿದ್ದೇ ತಪ್ಪು. 2020ರಲ್ಲಿ ಅಮೆರಿಕದ ಜೀರ್ಣಾಂಗ ತಜ್ಞರ ಸಂಘ ಎಲ್ಲ ಪುರಾವೆ ನೋಡಿ ಹೇಳಿದ್ದೂ ಇದೇ ಧಾಟಿಯಲ್ಲಿದೆ. ಪೌಚೈಟಿಸ್‌ಗೆ ಈ ಎಂಟು ತಳಿಯ ಮಿಶ್ರಣ ಕೊಡಬಹುದು. ಅಲ್ಸರೇಟಿವ್ ಕೊಲೈಟಿಸ್‌ಗೆ ಮತ್ತು ಕರುಳಿನ ಇನ್ನೊಂದು ಉರಿಯೂತದ ಕಾಯಿಲೆಯಾದ ಕ್ರೋನ್ಸ್‌ಗೆ ಸಂಶೋಧನೆಯ ಹೊರಗೆ ಪ್ರೋಬಯಾಟಿಕ್ ಕೊಡಲು ಸಾಕಷ್ಟು ಆಧಾರ ಇಲ್ಲ.

ಹಾಗಿದ್ದರೆ ಯಾಕೆ ಮುಂದುವರಿಸಿದ್ದೇನೆ ಎಂದು ಕೇಳಬಹುದು. ಮಾತ್ರೆ ಮತ್ತೆ ಶುರು ಮಾಡಿ ಸರಿಯಾದ ಮೇಲೆ, ಡಾಕ್ಟರಿಗೆ ಹೇಳಿಯೇ, ಎರಡು ತಿಂಗಳು ಪುಡಿ ಮಾತ್ರ ನಿಲ್ಲಿಸಿ ನೋಡಿದೆ. ರಕ್ತ ಬರಲಿಲ್ಲ, ಪರೀಕ್ಷೆಯ ಅಂಕಿಯೂ ಜಾಸ್ತಿ ಬದಲಾಗಲಿಲ್ಲ. ಆದರೆ ಹೊಟ್ಟೆ ಬಿಗಿತ ಮತ್ತು ಅವಸರ ಎರಡನೇ ವಾರಕ್ಕೇ ವಾಪಸ್ ಬಂತು. ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆ ನಿಲ್ಲುವುದು ಕಡಿಮೆ. ನಿಲ್ಲಿಸಿದ ಸ್ವಲ್ಪ ದಿನಕ್ಕೆ ಹೊರಟುಹೋಗುತ್ತವೆ. ಪುಡಿ ಮತ್ತೆ ಶುರು ಮಾಡಿದ ಮೇಲೆ ದಿನಗಳು ಹಗುರವಾದವು. ಈ ಹಗುರಕ್ಕಾಗಿ ನಾನು ತೆಗೆದುಕೊಳ್ಳುತ್ತೇನೆ. ಹುಣ್ಣು ವಾಸಿ ಮಾಡುವ ಕೆಲಸ ಮಾತ್ರೆಯದು.

ಒಂದು ದೂರು ಇದೆ. ಈ ಪುಡಿಯನ್ನು ಫ್ರಿಜ್‌ನಲ್ಲೇ ಇಡಬೇಕು. ಬೇಸಿಗೆಯಲ್ಲಿ ಒಮ್ಮೆ ಪಾರ್ಸೆಲ್ ನಾಲ್ಕು ದಿನ ತಡವಾಗಿ ಬಂತು. ಒಳಗಿದ್ದ ಐಸ್ ಪ್ಯಾಕ್ ಬಿಸಿನೀರಿನ ಚೀಲದಂತೆ ಬೆಚ್ಚಗಿತ್ತು. ಮಾರಿದವರು “ಏನೂ ಆಗಲ್ಲ, ತಗೊಳ್ಳಿ” ಎಂದರು. ಬದಲಿಸಿ ಕೊಡಲಿಲ್ಲ. ಬ್ಯಾಕ್ಟೀರಿಯಾ ಸತ್ತಿದ್ದರೆ ಪುಡಿಯನ್ನು ನೋಡಿ, ಮೂಸಿ ತಿಳಿಯುವುದಿಲ್ಲ. ಪ್ರೋಬಯಾಟಿಕ್ ಎಂದರೆ ಜೀವಂತ ಸೂಕ್ಷ್ಮಜೀವಿ, ಅದೂ ಸಾಕಷ್ಟು ಪ್ರಮಾಣದಲ್ಲಿ ಇರಬೇಕು ಎಂದು 2001ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಸೇರಿ ಮಾಡಿದ ವ್ಯಾಖ್ಯೆ ಹೇಳುತ್ತದೆ. ತಯಾರಿಸಿದ ದಿನದ ಎಣಿಕೆ ನನಗೆ ಬೇಡ. ನಾನು ಕುಡಿಯುವ ದಿನ ಎಷ್ಟು ಬದುಕಿವೆ ಎಂಬುದು ಬೇಕು. ಅವಧಿ ಮುಗಿಯುವ ತನಕ ಇಷ್ಟು ಇರುತ್ತದೆ ಎಂದು ಬರೆದಿರುವ ಪೆಟ್ಟಿಗೆಯನ್ನೇ ಕೊಳ್ಳಿ.

ಹಲ್ಲಿನ ಸೋಂಕಿಗೆ ಆ್ಯಂಟಿಬಯಾಟಿಕ್ ತೆಗೆದುಕೊಂಡಾಗ ಇನ್ನೊಂದು ವಿಷಯ ತಿಳಿಯಿತು. ಬ್ಯಾಕ್ಟೀರಿಯಾ ಪುಡಿಯ ಬದಲು ಡಾಕ್ಟರು ಸ್ಯಾಕರೋಮೈಸಿಸ್ ಬೌಲಾರ್ಡಿ ಬರೆದುಕೊಟ್ಟರು. ಅದು ಯೀಸ್ಟ್, ಆ್ಯಂಟಿಬಯಾಟಿಕ್‌ಗೆ ಸಾಯುವುದಿಲ್ಲ. ಕೊಲೈಟಿಸ್ ಇರುವವರಿಗೆ, ಆ್ಯಂಟಿಬಯಾಟಿಕ್ ಆದ ಮೇಲೆ ಭೇದಿ ತರುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಅಪಾಯ ಜಾಸ್ತಿ, ಅದಕ್ಕಾಗಿ. ಆದರೆ ಆರೋಗ್ಯವಂತರು ಪ್ರತಿ ಆ್ಯಂಟಿಬಯಾಟಿಕ್ ಆದ ಮೇಲೂ ಪ್ರೋಬಯಾಟಿಕ್ ನುಂಗಲೇಬೇಕು ಎಂದೇನಿಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಪರೀಕ್ಷಿಸಿದಾಗ, ಹನ್ನೊಂದು ತಳಿಯ ಪ್ರೋಬಯಾಟಿಕ್ ತೆಗೆದುಕೊಂಡವರಲ್ಲಿ ಅವರವರ ಸ್ವಂತ ಬ್ಯಾಕ್ಟೀರಿಯಾ ಮರಳಿ ಬೆಳೆಯುವುದು ಇನ್ನೂ ತಡವಾಯಿತು. ಏನೂ ತೆಗೆದುಕೊಳ್ಳದವರಲ್ಲಿ ಬೇಗ ಮರಳಿತು.

ಇನ್ನು, ಯಾರು ಇದರಿಂದ ದೂರ ಇರಬೇಕು ಎಂಬುದನ್ನು ಬಹಳ ಕಡೆ ಹೇಳುವುದೇ ಇಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ತೀವ್ರ ಮೇದೋಜ್ಜೀರಕ ಗ್ರಂಥಿಯ ಉರಿಯೂತ ಇದ್ದ ಸುಮಾರು 300 ರೋಗಿಗಳ ಮೇಲೆ ನಡೆದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಪ್ರೋಬಯಾಟಿಕ್ ಪಡೆದವರಲ್ಲಿ 24 ಜನ ತೀರಿಕೊಂಡರು, ಖಾಲಿ ಪುಡಿ ಪಡೆದವರಲ್ಲಿ 9. ಅಲ್ಲಿ ಕೊಟ್ಟದ್ದು ಈ ಎಂಟು ತಳಿಯ ಮಿಶ್ರಣವಲ್ಲ. ಆದರೂ ಐಸಿಯುನಲ್ಲಿ ಇರುವವರು, ರಕ್ತನಾಳಕ್ಕೆ ದೊಡ್ಡ ಟ್ಯೂಬ್ ಹಾಕಿಸಿಕೊಂಡವರು, ಇಮ್ಯುನಿಟಿ ತೀರಾ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಒಂದು ಚಮಚವೂ ಕುಡಿಯಬಾರದು. ನಾನು ಸ್ಟೀರಾಯ್ಡ್ ಮೇಲಿದ್ದಾಗ ನನ್ನ ಡಾಕ್ಟರು ಕೂಡ ಪುಡಿಯನ್ನು ಕೆಲವು ವಾರ ನಿಲ್ಲಿಸಿದ್ದರು.

ಹೋದ ತಿಂಗಳು ಕೊಲೊನೊಸ್ಕೋಪಿ ಆಯಿತು. ಒಳಪದರ ತಿಳಿ ಗುಲಾಬಿ ಬಣ್ಣಕ್ಕೆ ಮರಳಿದೆ, ಹುಣ್ಣಿಲ್ಲ. ಕ್ಯಾಲ್‌ಪ್ರೊಟೆಕ್ಟಿನ್ 62. ಮೆಸಲಮಿನ್ ಹಾಗೇ ಮುಂದುವರಿಸಲು ಹೇಳಿದ್ದಾರೆ. ಪುಡಿಯ ಬಗ್ಗೆ ಕೇಳಿದಾಗ “ಹಿತ ಅನ್ನಿಸಿದರೆ ತೆಗೆದುಕೊಳ್ಳಿ” ಎಂದರು. ಫ್ರಿಜ್‌ನಲ್ಲಿ ಇನ್ನೂ ಹನ್ನೊಂದು ಪೊಟ್ಟಣ ಇವೆ. ಮುಂದಿನ ಪೆಟ್ಟಿಗೆಯನ್ನು ಪಾರ್ಸೆಲ್ ತರಿಸುವುದಿಲ್ಲ. ನಾನೇ ಹೋಗಿ, ಫ್ರಿಜ್‌ನಿಂದ ತೆಗೆದುಕೊಟ್ಟದ್ದನ್ನೇ ತರುತ್ತೇನೆ.