"ಹುಳದ ಔಷಧಿ ಹಾಕಿದ್ದೀವಿ" ಅಂತ ಕೋಳಿ ಮಾರುವವರನ್ನು ನಂಬಬೇಡಿ

ನಾಟಿ ಕೋಳಿ ಕೊಳ್ಳುವವರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೆ ನನಗೆ ಕೋಳಿ ಮಾರಿದ ಮನುಷ್ಯ ಇವತ್ತಿಗೂ ಅದೇ ಮಾತು ಹೇಳಿ ಮಾರುತ್ತಿದ್ದಾನೆ.

"ಎಲ್ಲಕ್ಕೂ ಜಂತುಹುಳದ ಔಷಧಿ ಆಗಿದೆ ಸಾರ್, ಆರು ತಿಂಗಳು ಚಿಂತೆ ಇಲ್ಲ" ಅಂದಿದ್ದ. ಅದಕ್ಕೇ ರೇಟೂ ಜಾಸ್ತಿ ಹಿಡಿದ. ತಂದು ವಾರ ತುಂಬಿರಲಿಲ್ಲ, ಹಿಕ್ಕೆಯಲ್ಲಿ ಅಕ್ಕಿ ಕಾಳಿನಂಥ ಬಿಳಿ ಚೂರುಗಳು, ಅದೂ ಅಲುಗಾಡುತ್ತಿದ್ದವು! ಲಾಡಿಹುಳದ ತುಂಡುಗಳು. ಹೇಂಟೆಗಳ ಜುಟ್ಟು ಬಿಳಿಚಿಕೊಂಡಿತ್ತು, ರೆಕ್ಕೆ ಇಳಿಬಿಟ್ಟು ಕೂರುತ್ತಿದ್ದವು, ಚೆನ್ನಾಗಿ ತಿಂದರೂ ಎದೆಮೂಳೆ ಕೈಗೆ ಚುಚ್ಚುತ್ತಿತ್ತು. ಒಂದು ಸತ್ತೇ ಹೋಯಿತು. ಪಶುವೈದ್ಯರು ಅದರ ಕರುಳು ಬಿಡಿಸಿ ತೋರಿಸಿದರು. ಬೆರಳುದ್ದದ ದುಂಡುಹುಳಗಳು, ಜೊತೆಗೆ ಲಾಡಿಹುಳ.

ಮಾರಿದವನಿಗೆ ಫೋನ್ ಮಾಡಿದೆ. "ನಿಮ್ಮ ಹಿತ್ತಲಲ್ಲಿ ಕೆದಕಿ ಹತ್ತಿಸಿಕೊಂಡಿವೆ ಸಾರ್" ಅಂದ. ನನ್ನ ಹಿತ್ತಲಂತೆ! ಹುಳದ ಮೊಟ್ಟೆ ಕೋಳಿಯ ಹೊಟ್ಟೆಗೆ ಹೋಗಿ ದುಂಡುಹುಳ ಅಷ್ಟುದ್ದ ಬೆಳೆಯೋಕೆ ಕಡಿಮೆ ಅಂದರೂ 5 ವಾರ ಬೇಕು. ಲಾಡಿಹುಳ ತುಂಡು ಉದುರಿಸೋಕೂ 2-3 ವಾರ ಬೇಕು. ಒಂದು ವಾರದಲ್ಲಿ ಎಲ್ಲಿಂದ ಬಂತು? ಇದನ್ನು ಕೇಳಿದ್ದಕ್ಕೆ ಔಷಧಿ ಬಾಟಲಿಯ ಫೋಟೋ ಕಳಿಸಿದ. ನೋಡಿದರೆ ಪೈಪರಜಿನ್. ಅದು ದುಂಡುಹುಳಕ್ಕೆ ಮಾತ್ರ, ಲಾಡಿಹುಳಕ್ಕೆ ಏನೂ ಆಗುವುದಿಲ್ಲ. ಅದನ್ನಾದರೂ ಸರಿಯಾಗಿ ಕುಡಿಸಿದ್ದರೆ ಅಷ್ಟು ದೊಡ್ಡ ದುಂಡುಹುಳಗಳು ಉಳಿಯೋದು ಕಷ್ಟ. ಬಾಟಲಿ ಇಟ್ಟುಕೊಂಡಿರೋದು ಫೋಟೋ ತೋರಿಸೋಕೆ ಅಂತ ಆಗಲೇ ನನಗೆ ಗೊತ್ತಾಗಿದ್ದು. ಮೈಯೆಲ್ಲಾ ಉರಿದುಹೋಯಿತು.

ಕೊನೆಗೆ ಏನಂದ ಗೊತ್ತಾ? "ಹೊರಗೆ ಮೇಯೋ ಕೋಳಿ ಅಂದ್ಮೇಲೆ ಹುಳ ಇದ್ದೇ ಇರುತ್ತೆ, ಅದೇನು ದೊಡ್ಡ ವಿಷಯ?" ಹಾಗಾದರೆ ಆರು ತಿಂಗಳು ಚಿಂತೆ ಇಲ್ಲ ಅಂದಿದ್ದು ಯಾಕೆ? ಆಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದ.

ಆರು ತಿಂಗಳ ಮಾತೇ ಸುಳ್ಳು. ಇರುವೆ, ಜೀರುಂಡೆ, ನೊಣ ತಿಂದರೆ ಲಾಡಿಹುಳ ಮತ್ತೆ ಹತ್ತುತ್ತದೆ. ಯಾವ ಔಷಧಿಯೂ ಅಷ್ಟು ದಿನ ಒಳಗೆ ಕೂತು ಕಾಯುವುದಿಲ್ಲ.

ಬಾಯಿಮಾತಿಗೆ ದುಡ್ಡು ಕೊಡಬೇಡಿ. ಔಷಧಿ ಹೆಸರು, ಹಾಕಿದ ದಿನ ಕೇಳಿ. ಎದೆಮೂಳೆ ಮುಟ್ಟಿ ನೋಡಿ. ತಂದ ಕೋಳಿಗಳನ್ನು ಬೇರೆ ಕಟ್ಟಿಹಾಕಿ, ಹಿಕ್ಕೆಯನ್ನು ಪಶುವೈದ್ಯರಿಗೆ ತೋರಿಸಿ, ಅವರು ಹೇಳಿದ ಔಷಧಿಯನ್ನೇ ಕೊಡಿ. ದುಂಡುಹುಳದ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮೂರು ತಿಂಗಳೊಳಗಿನ ಮರಿಗಳಿಗೇ ಅದರ ಹೊಡೆತ ಜಾಸ್ತಿ. ಈಗ ನನ್ನ ಹಳೆ ಕೋಳಿಯ ಮರಿಗಳನ್ನು ಈ ಕೋಳಿಗಳು ಓಡಾಡಿದ ಜಾಗಕ್ಕೆ ಬಿಡೋಕೇ ಭಯ ಆಗುತ್ತಿದೆ.